ಗ್ರಾಫಿಟಿಯ ಮೊದಲ ತರಗತಿ: ತುಮಕೂರಿನ ಕಲಿಕಾರ್ಥಿಗಳಿಗೆ ಯಾವ ದಾರಿ ಒಳ್ಳೆಯದು?

ತುಮಕೂರಿನಲ್ಲಿ, ಅಥವಾ ಅದರಂತೆಯೇ ಬೆಂಗಳೂರಿಗೆ ಹತ್ತಿರವಿರುವ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿದ್ದುಕೊಂಡು, ಗೋಡೆಯ ಮೇಲೆ ಸ್ಪ್ರೇ ಬಣ್ಣದಿಂದ ಹೆಸರನ್ನು ಬರೆಯುವ ಗ್ರಾಫಿಟಿ ಕಲೆಯನ್ನು ಕಲಿಯಬಯಸುವವರ ಮುಂದೆ ಸದ್ಯಕ್ಕೆ ನಾಲ್ಕು ದಾರಿಗಳಿವೆ. ಬೆಂಗಳೂರಿಗೆ ಹೋಗಿ ಒಂದು ದಿನದ ಕಾರ್ಯಾಗಾರಕ್ಕೆ ಸೇರುವುದು ಮೊದಲನೆಯದು. ಅಲ್ಲಿಯೇ ಕೆಲವು ವಾರಾಂತ್ಯಗಳವರೆಗೆ ನಡೆಯುವ ತರಗತಿಗೆ ಹೋಗಿಬರುವುದು ಎರಡನೆಯದು. ಊರಿನಲ್ಲೇ ಬೋರ್ಡ್ ಬರೆಯುವ ಕಲಾವಿದರೊಬ್ಬರ ಬಳಿ ಅಕ್ಷರ ಕಲಿತು, ಸ್ಪ್ರೇ ಡಬ್ಬಿಯ ಬಳಕೆಯನ್ನು ಸ್ವತಃ ಅಭ್ಯಾಸ ಮಾಡುವುದು ಮೂರನೆಯದು. ಆನ್‌ಲೈನ್ ಪಾಠ ನಾಲ್ಕನೆಯದು. ನಮ್ಮ ಊರಿನ ಚಿತ್ರಕಲಾ ತರಗತಿಗಳು ಹೆಚ್ಚಾಗಿ ಪೆನ್ಸಿಲ್, ಜಲವರ್ಣ ಮತ್ತು ಕ್ಯಾನ್ವಾಸ್ ಕೆಲಸಕ್ಕೆ, ಲೋವರ್ ಹಾಗೂ ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯ ತಯಾರಿಗೆ ಮೀಸಲಾಗಿರುತ್ತವೆ. ಅವುಗಳಿಂದ ಕೈ ಪಳಗುತ್ತದೆ ಎಂಬುದು ನಿಜವಾದರೂ, ಗೋಡೆಯ ಮುಂದೆ ನಿಂತು ಡಬ್ಬಿ ಒತ್ತುವ ಕೆಲಸವೇ ಬೇರೆಯಾಗಿರುವುದರಿಂದ ಅವನ್ನು ಈ ಹೋಲಿಕೆಗೆ ಸೇರಿಸಿಲ್ಲ.

ತರಗತಿ ಆರಿಸುವಾಗ ಹೆಚ್ಚಿನವರು ಮೊದಲು ನೋಡುವುದು ಶುಲ್ಕವನ್ನು, ಆಮೇಲೆ ಜಾಹೀರಾತಿನಲ್ಲಿರುವ ಬಣ್ಣಬಣ್ಣದ ಫೋಟೊಗಳನ್ನು, ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆಯೇ ಎಂಬುದನ್ನು. ಈ ಮೂರರಿಂದಲೂ ತರಗತಿಯ ಗುಣ ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಡಬ್ಬಿ ಎಷ್ಟು ಹೊತ್ತು ಕಲಿಯುವವರ ಕೈಯಲ್ಲಿರುತ್ತದೆ, ಮತ್ತು ಅಕ್ಷರವನ್ನು ಕಟ್ಟುವುದನ್ನು ಅಲ್ಲಿ ಕಲಿಸುತ್ತಾರೆಯೇ. ಮುಂದಿನ ಹೋಲಿಕೆಯೆಲ್ಲ ಈ ಎರಡರ ಸುತ್ತಲೇ ನಡೆಯುತ್ತದೆ.

ಮೊದಲು ತಿಳಿದಿರಬೇಕಾದ ಭೇದ

ಗ್ರಾಫಿಟಿ, ಭಿತ್ತಿಚಿತ್ರ ಮತ್ತು ಸ್ಟೆನ್ಸಿಲ್ ಎಂಬ ಮೂರು ಬೇರೆ ಬೇರೆ ಕಲೆಗಳನ್ನು ಒಂದೇ ಹೆಸರಿನಲ್ಲಿ ಮಾರುವ ಕಾರ್ಯಾಗಾರಗಳು ಸಾಕಷ್ಟಿವೆ. ಗ್ರಾಫಿಟಿಯ ಮೂಲ ಅಕ್ಷರದಲ್ಲಿದೆ. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್ ನಗರಗಳ ಹುಡುಗರು ತಮ್ಮ ಅಡ್ಡಹೆಸರನ್ನು ಗೋಡೆಗಳ ಮೇಲೆ ಬರೆಯತೊಡಗಿದರು. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ‘ಟಾಕಿ 183’ ಎಂದು ನಗರದ ತುಂಬ ಬರೆದುಕೊಂಡು ಹೋಗುತ್ತಿದ್ದ ಯುವಕನ ಬಗ್ಗೆ ವರದಿ ಪ್ರಕಟಿಸಿದ ಮೇಲೆ ಆ ರೂಢಿ ಇನ್ನಷ್ಟು ಹರಡಿತು. ಆ 183 ಎಂಬುದು ಅವನು ವಾಸವಿದ್ದ ಬೀದಿಯ ಸಂಖ್ಯೆ. ಒಂದೇ ಎಳೆಯಲ್ಲಿ ಬರೆಯುವ ಸಹಿಗೆ ಟ್ಯಾಗ್ ಎಂದೂ, ಉಬ್ಬಿದ ಅಕ್ಷರಗಳನ್ನು ಒಂದೆರಡು ಬಣ್ಣದಲ್ಲಿ ಬೇಗ ಮುಗಿಸುವ ಕೆಲಸಕ್ಕೆ ಥ್ರೋ-ಅಪ್ ಎಂದೂ, ಹಲವು ಬಣ್ಣ, ನೆರಳು ಮತ್ತು ಅಂಚುಗಳಿಂದ ಸಾವಧಾನವಾಗಿ ಕಟ್ಟುವ ಕೆಲಸಕ್ಕೆ ಪೀಸ್ ಎಂದೂ ಹೇಳುತ್ತಾರೆ. ಈ ಮೂರರಲ್ಲಿಯೂ ಬರೆಯುವುದು ಹೆಸರನ್ನೇ.

2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದರಲ್ಲಿ ಮೊಸಳೆಯನ್ನು ಇರಿಸಿ, 2019ರಲ್ಲಿ ಇನ್ನೊಂದು ಹದಗೆಟ್ಟ ರಸ್ತೆಯ ಮೇಲೆ ಚಂದ್ರಯಾನಿಯ ಉಡುಪಿನಲ್ಲಿ ನಟರೊಬ್ಬರನ್ನು ನಡೆಸಿ ಗಮನ ಸೆಳೆದ ಬಾದಲ್ ನಂಜುಂಡಸ್ವಾಮಿಯವರ ಕೆಲಸ ಬೀದಿಕಲೆ. ಅದನ್ನು ನೋಡಿ ಸ್ಫೂರ್ತಿಗೊಂಡವರು ಗ್ರಾಫಿಟಿ ತರಗತಿಗೆ ಸೇರಿದರೆ, ಅಲ್ಲಿ ದಿನವಿಡೀ ಅಕ್ಷರಗಳ ದಪ್ಪ ಮತ್ತು ಬಾಗುಗಳ ಮೇಲೆಯೇ ಕೆಲಸ ನಡೆಯುವುದನ್ನು ಕಂಡು ನಿರಾಶೆಯಾಗಬಹುದು. ಅಕ್ಷರ ಕಲಿಯಲು ಬಂದವರ ಕೈಗೆ ಕತ್ತರಿಸಿದ ಸ್ಟೆನ್ಸಿಲ್ ಹಾಳೆ ಕೊಟ್ಟು, ಅದರ ಮೇಲೆ ಬಣ್ಣ ಸಿಂಪಡಿಸಲು ಹೇಳಿ ಮನೆಗೆ ಕಳುಹಿಸುವುದೂ ಉಂಟು. ಆದ್ದರಿಂದ ಸೇರುವ ಮುನ್ನ, ದಿನದ ಕೊನೆಯಲ್ಲಿ ಗೋಡೆಯ ಮೇಲೆ ಇರುವುದು ಕಲಿಕಾರ್ಥಿಯ ಸ್ವಂತ ರಚನೆಯೇ ಅಥವಾ ಶಿಕ್ಷಕರು ಗೆರೆ ಹಾಕಿಟ್ಟ ಚಿತ್ರದೊಳಗೆ ತುಂಬಿದ ಬಣ್ಣವೇ ಎಂದು ಕೇಳಿಕೊಳ್ಳಬೇಕು.

ಒಂದು ದಿನದ ಕಾರ್ಯಾಗಾರ

ಗ್ರಾಫಿಟಿ ತಮಗೆ ಹಿಡಿಸುತ್ತದೆಯೇ ಎಂಬುದೇ ಇನ್ನೂ ಗೊತ್ತಿಲ್ಲದವರಿಗೆ ಇದಕ್ಕಿಂತ ಸೂಕ್ತವಾದ ದಾರಿ ಇಲ್ಲ. ಡಬ್ಬಿ, ಕ್ಯಾಪ್ (ಬಣ್ಣ ಚಿಮ್ಮಿಸಲು ಡಬ್ಬಿಯ ತುದಿಯಲ್ಲಿ ಒತ್ತುವ ಮೂತಿ), ಮಾಸ್ಕ್, ಗೋಡೆ ಎಲ್ಲವೂ ಅಲ್ಲಿ ಸಿದ್ಧವಾಗಿರುತ್ತವೆ, ಮತ್ತು ಕೈ ತಪ್ಪಿದ ಕ್ಷಣದಲ್ಲೇ ತಿದ್ದುವವರು ಪಕ್ಕದಲ್ಲಿರುತ್ತಾರೆ. ಆದರೆ ಇಂಥ ಕಾರ್ಯಾಗಾರಗಳಲ್ಲಿ ಒಳ್ಳೆಯದಕ್ಕೂ ಕಳಪೆಗೂ ಇರುವ ಅಂತರ ಬಹಳ ದೊಡ್ಡದು, ಮತ್ತು ಆ ಅಂತರವನ್ನು ಒಂದು ಸಣ್ಣ ಲೆಕ್ಕದಿಂದಲೇ ಮುಂಚಿತವಾಗಿ ಅಳೆಯಬಹುದು.

400 ಮಿಲಿಲೀಟರ್ ಡಬ್ಬಿಯೊಂದು ಸುಮಾರು ಒಂದರಿಂದ ಎರಡು ಚದರ ಮೀಟರ್ ಜಾಗವನ್ನು ಒಂದು ಪದರದಲ್ಲಿ ಮುಚ್ಚುತ್ತದೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಹೆಸರೊಂದಕ್ಕೆ ಬೇಕಾಗುವ ಜಾಗ ಸುಮಾರು 2.2 ಚದರ ಮೀಟರ್. ಅಕ್ಷರಗಳ ಒಳಗನ್ನು ತುಂಬುವುದಕ್ಕೇ ಒಂದು ಡಬ್ಬಿ ಬೇಕಾಗುತ್ತದೆ. ಬದಿಯ ದಪ್ಪ, ಹೊರ ಅಂಚು ಮತ್ತು ಬೆಳಕಿನ ಗೆರೆಗಳಿಗೆ ಬೇರೆ ಬೇರೆ ಬಣ್ಣಗಳು ಬೇಕು. ಅವನ್ನು ಪಕ್ಕದವರ ಜೊತೆ ಹಂಚಿಕೊಂಡರೂ ಒಬ್ಬರ ಪಾಲಿಗೆ ಎರಡು ಡಬ್ಬಿಗಳಷ್ಟಾದರೂ ಬಣ್ಣ ಬರಬೇಕು. ಹನ್ನೆರಡು ಜನರ ತಂಡಕ್ಕೆ ಒಟ್ಟು ಹತ್ತು ಡಬ್ಬಿ ಇಟ್ಟಿರುವ ಕಾರ್ಯಾಗಾರವೆಂದರೆ, ಹೆಚ್ಚಿನ ಹೊತ್ತು ಇನ್ನೊಬ್ಬರು ಬರೆಯುವುದನ್ನು ನೋಡುತ್ತ ನಿಲ್ಲುವ ಕಾರ್ಯಾಗಾರ ಎಂದೇ ತಿಳಿಯಬೇಕು. ಗೋಡೆಯ ಲೆಕ್ಕವೂ ಹೀಗೆಯೇ: ಇಪ್ಪತ್ತು ಅಡಿ ಉದ್ದದ ಗೋಡೆಯ ಮುಂದೆ ಹತ್ತು ಜನ ನಿಂತರೆ ಒಬ್ಬರಿಗೆ ಎರಡು ಅಡಿ ಸಿಗುತ್ತದೆ, ಅಷ್ಟರಲ್ಲಿ ತೋಳು ಬೀಸುವುದಕ್ಕೇ ಆಗುವುದಿಲ್ಲ. ಕನಿಷ್ಠ ಐದು ಅಡಿ ಅಗಲವನ್ನಾದರೂ ಕೊಡುವ ತಂಡವನ್ನು ಹುಡುಕಬೇಕು. ಗೋಡೆಗೆ ಮೊದಲೇ ರೋಲರ್‌ನಿಂದ ಎಮಲ್ಷನ್ ಬಳಿದು ಹಿನ್ನೆಲೆ ಸಿದ್ಧಪಡಿಸಿಟ್ಟಿದ್ದರೆ ಅದು ಕೆಲಸ ಬಲ್ಲವರ ಲಕ್ಷಣ; ಹಿನ್ನೆಲೆಗೂ ಸ್ಪ್ರೇ ಬಣ್ಣವನ್ನೇ ಸುರಿದರೆ ದುಡ್ಡೂ ಬಣ್ಣವೂ ಬೇಗ ಮುಗಿಯುತ್ತವೆ.

ಡಬ್ಬಿ ಕೈಯಲ್ಲಿರಬೇಕು ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಡಬ್ಬಿಯನ್ನು ಒಂದೆರಡು ನಿಮಿಷ ಅಲುಗಿಸಿ, ಒಳಗಿನ ಗುಂಡು ಸರಾಗವಾಗಿ ಕಟಕಟ ಎನ್ನುವವರೆಗೆ ಕಾಯಬೇಕು, ಇಲ್ಲವಾದರೆ ತಳದಲ್ಲಿ ಕೂತ ಬಣ್ಣ ಮೇಲಿನ ದ್ರಾವಕದೊಡನೆ ಬೆರೆಯದೆ ನೀರುನೀರಾಗಿ ಬರುತ್ತದೆ. ಗೋಡೆಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಹಿಡಿದು ವೇಗವಾಗಿ ಎಳೆದರೆ ಗೆರೆ ತೆಳುವಾಗಿ, ಅಂಚು ಸ್ಪಷ್ಟವಾಗಿ ಮೂಡುತ್ತದೆ. ಅದೇ ದೂರದಲ್ಲಿ ಕೈ ಅರೆಕ್ಷಣ ತಡೆದರೂ ಬಣ್ಣ ದಪ್ಪವಾಗಿ ಕೂತು ಕೆಳಗೆ ಇಳಿಯುತ್ತದೆ. ಒಂದು ಅಡಿಯಷ್ಟು ಹಿಂದೆ ಸರಿದರೆ ಗೆರೆ ಅಗಲವಾಗಿ, ಅಂಚು ಮಂಜುಮಂಜಾಗಿ ಹರಡುತ್ತದೆ. ಎರಡು ಬಣ್ಣಗಳನ್ನು ಒಂದರೊಳಗೊಂದು ಕರಗಿಸಲು ಬೇಕಾಗುವುದು ಈ ಮಂಜೇ. ತೋಳು ಚಲಿಸಲು ಶುರುವಾದ ಮೇಲೆ ಕ್ಯಾಪ್ ಒತ್ತಬೇಕು, ತೋಳು ನಿಲ್ಲುವ ಮೊದಲೇ ಬೆರಳು ಎತ್ತಬೇಕು. ದೂರ, ವೇಗ ಮತ್ತು ಒತ್ತಡ ಈ ಮೂರನ್ನೂ ಒಟ್ಟಿಗೆ ಹೊಂದಿಸುವುದು ಭುಜ ಮತ್ತು ಬೆರಳಿನ ಕಲಿಕೆಯಾಗಿದ್ದು, ಎಷ್ಟು ಚೆನ್ನಾಗಿ ಹೇಳಿಕೊಟ್ಟರೂ ಕಿವಿಯಿಂದ ಬರುವಂಥದ್ದಲ್ಲ.

ಕ್ಯಾಪ್‌ಗಳ ಬಗ್ಗೆಯೂ ವಿಚಾರಿಸಬೇಕು. ಸ್ಪ್ರೇ ಬಣ್ಣದ ಡಬ್ಬಿಯನ್ನು 1949ರಲ್ಲಿ ಅಮೆರಿಕದ ಎಡ್ವರ್ಡ್ ಸೀಮೋರ್ ಎಂಬ ಬಣ್ಣದ ವ್ಯಾಪಾರಿ ರೂಪಿಸಿದ್ದು ತನ್ನ ಅಲ್ಯೂಮಿನಿಯಂ ಬಣ್ಣ ಹೇಗೆ ಕಾಣುತ್ತದೆಂದು ತೋರಿಸುವುದಕ್ಕಾಗಿ; ಚಿತ್ರ ಬರೆಯುವುದು ಅದರ ಉದ್ದೇಶವಾಗಿರಲಿಲ್ಲ. ಇಂದಿಗೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಗೇಟಿಗೋ ಬೈಕಿಗೋ ಹೊಡೆಯುವ ಡಬ್ಬಿಗಳು ಸಮನಾದ ಪದರಕ್ಕೆಂದೇ ತಯಾರಾದವು. ಗ್ರಾಫಿಟಿ ಬರೆಯುವವರನ್ನೇ ಗಮನದಲ್ಲಿಟ್ಟುಕೊಂಡು ಡಬ್ಬಿ ತಯಾರಿಸಲು 1994ರಲ್ಲಿ ಬಾರ್ಸಿಲೋನಾದ ಬಳಿ ಮಾಂಟಾನಾ ಕಲರ್ಸ್ ಸಂಸ್ಥೆ ಹುಟ್ಟಿತು. ಅಂಥ ಡಬ್ಬಿಗಳ ಒಳಒತ್ತಡವನ್ನು ಬರವಣಿಗೆಗೆ ತಕ್ಕಂತೆ ಹೊಂದಿಸಿರುತ್ತಾರೆ, ತೆಳು ಗೆರೆಗೆ ಸ್ಕಿನ್ನಿ ಕ್ಯಾಪ್, ತುಂಬುವುದಕ್ಕೆ ಫ್ಯಾಟ್ ಕ್ಯಾಪ್ ಎಂದು ಬದಲಾಯಿಸಬಹುದು. ಹೊರದೇಶದಿಂದ ಬರುವ ಇವು ನಮ್ಮ ಅಂಗಡಿಯ ಡಬ್ಬಿಗಳಿಗಿಂತ ಸಾಕಷ್ಟು ದುಬಾರಿ. ಕಾರ್ಯಾಗಾರದ ಶುಲ್ಕ ಹೆಚ್ಚೆನಿಸಿದರೆ ಆ ಹಣ ಎಲ್ಲಿ ಹೋಗುತ್ತಿದೆ ಎಂದು ನೋಡಬೇಕು. ಒಳ್ಳೆಯ ಡಬ್ಬಿ ಮತ್ತು ಎರಡು ಮೂರು ಬಗೆಯ ಕ್ಯಾಪ್‌ಗಳಿಗೆ ಹೋಗುತ್ತಿದ್ದರೆ ಆ ಶುಲ್ಕ ನ್ಯಾಯವಾದದ್ದೇ. ತಂಪು ಪಾನೀಯ, ಟೀ ಶರ್ಟ್ ಮತ್ತು ಛಾಯಾಗ್ರಾಹಕರಿಗೆ ಹೋಗುತ್ತಿದ್ದರೆ ಬೇರೆ ತಂಡವನ್ನು ಹುಡುಕುವುದು ಒಳಿತು.

ಒಂದು ದಿನದಲ್ಲಿ ಏನು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ವಂತ ಅಕ್ಷರಶೈಲಿ ಬರುವುದಿಲ್ಲ. ಕರಾರುವಾಕ್ಕಾದ ಹೊರ ಅಂಚು ಬರುವುದಿಲ್ಲ. ಒಂದು ಹೆಸರನ್ನು ಮೊದಲ ತಿಳಿಗೆರೆಯಿಂದ ಕೊನೆಯ ಬೆಳಕಿನ ಚುಕ್ಕೆಯವರೆಗೆ ಒಮ್ಮೆ ಮುಗಿಸಿದ ಅನುಭವ ಬರುತ್ತದೆ, ಮೊದಲ ದಿನಕ್ಕೆ ಅದು ಕಡಿಮೆಯೇನಲ್ಲ.

ವಾರಾಂತ್ಯದ ತರಗತಿ

ಕಾರ್ಯಾಗಾರ ಹಿಡಿಸಿದವರಿಗೆ, ಅಥವಾ ಈಗಾಗಲೇ ಪುಸ್ತಕದ ತುಂಬ ಅಕ್ಷರ ಬರೆದಿಟ್ಟಿರುವ ಹುಡುಗ ಹುಡುಗಿಯರಿಗೆ ಈ ದಾರಿ. ಇಲ್ಲಿ ಒಂದು ವಾರದಿಂದ ಇನ್ನೊಂದು ವಾರದವರೆಗೆ ಕಾಗದದ ಮೇಲೆ ಕೆಲಸ ಮಾಡಿ ತರಲು ಸಮಯವಿರುತ್ತದೆ, ಶಿಕ್ಷಕರು ಅದನ್ನು ತಿದ್ದುತ್ತಾರೆ, ತಿದ್ದಿದ್ದನ್ನು ಗೋಡೆಗೆ ಏರಿಸಿದಾಗ ಕಾಗದದಲ್ಲಿ ಕಾಣದ ದೋಷಗಳು ಕಾಣುತ್ತವೆ, ಅವನ್ನು ಮತ್ತೆ ಕಾಗದಕ್ಕೆ ಇಳಿಸಲಾಗುತ್ತದೆ. ನಿಜವಾದ ಕಲಿಕೆ ನಡೆಯುವುದು ಈ ಹೋಗಿಬರುವಿಕೆಯಲ್ಲಿ. ಮೊದಲ ಎರಡು ವಾರ ಡಬ್ಬಿಯನ್ನೇ ಮುಟ್ಟಿಸದೆ ಬರೀ ಪೆನ್ಸಿಲ್ ಹಿಡಿಸುವ ಶಿಕ್ಷಕರ ಬಗ್ಗೆ ಕಲಿಕಾರ್ಥಿಗಳು ಗೊಣಗುವುದುಂಟು. ನಾನು ಅಂಥ ಶಿಕ್ಷಕರ ಪರ.

ತೊಂದರೆ ಇರುವುದು ದೂರದಲ್ಲಿ. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್, ಕೋಲಾರ ಮತ್ತು ಚಿಕ್ಕಬಳ್ಳಾಪುರಗಳಿಂದಲೂ ಹೆಚ್ಚುಕಡಿಮೆ ಅಷ್ಟೇ. ಒಂದು ದಿನಕ್ಕೆ ಹೋಗಿಬರುವುದು ಕಷ್ಟವಲ್ಲ, ಆದರೆ ಪ್ರತಿ ಭಾನುವಾರ ಹೋಗುವಾಗ ನಗರದ ಯಾವ ಮೂಲೆಯಲ್ಲಿ ತರಗತಿ ನಡೆಯುತ್ತದೆ ಎಂಬುದು ಶುಲ್ಕದಷ್ಟೇ ಮುಖ್ಯವಾಗುತ್ತದೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ, ತುಮಕೂರು ರಸ್ತೆಯಿಂದ ಬರುವವರು ಅಲ್ಲಿಯೇ ಬಸ್ಸಿನಿಂದ ಇಳಿದು ಮಲ್ಲೇಶ್ವರ, ಜಯನಗರಗಳ ಕಡೆಗೆ ನೇರವಾಗಿ ಹೋಗಬಹುದು. ಕೋಲಾರದವರಿಗೆ ವೈಟ್‌ಫೀಲ್ಡ್ ಅಥವಾ ಕೆ.ಆರ್. ಪುರದ ಕಡೆಯ ತರಗತಿಯೂ, ಚಿಕ್ಕಬಳ್ಳಾಪುರದವರಿಗೆ ಯಲಹಂಕ, ಹೆಬ್ಬಾಳದ ಕಡೆಯ ತರಗತಿಯೂ ಅನುಕೂಲ. ತುಮಕೂರಿನವರು ವೈಟ್‌ಫೀಲ್ಡಿನ ತರಗತಿಗೆ ವಾರವಾರವೂ ಹೋಗುವೆನೆಂದು ಹೊರಟರೆ, ಬರೆಯುವುದಕ್ಕಿಂತ ಹೆಚ್ಚು ಹೊತ್ತು ಪ್ರಯಾಣದಲ್ಲಿ ಕಳೆಯುತ್ತದೆ.

ಈ ಪ್ರಯಾಣಕ್ಕೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಸ್ಪ್ರೇ ಡಬ್ಬಿ ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವ ವಸ್ತು. ರೈಲಿನಲ್ಲಿ ಅಪಾಯಕಾರಿ ವಸ್ತುಗಳನ್ನು ಕಾನೂನುಬಾಹಿರವಾಗಿ ಒಯ್ದರೆ 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿಯೂ ಇಂಥ ವಸ್ತುಗಳಿಗೆ ಪ್ರವೇಶವಿಲ್ಲ. ಹೀಗಾಗಿ ‘ಡಬ್ಬಿಗಳನ್ನು ನೀವೇ ತನ್ನಿ’ ಎನ್ನುವ ತರಗತಿ ಬೆಂಗಳೂರಿನವರಿಗೆ ಅಗ್ಗವಾಗಬಹುದು, ನಮ್ಮಂಥವರಿಗೆ ಆಗದು. ಡಬ್ಬಿಗಳನ್ನು ಅಲ್ಲೇ ಕೊಟ್ಟು, ಉಳಿದದ್ದನ್ನು ಮುಂದಿನ ವಾರದವರೆಗೆ ಅಲ್ಲೇ ಇಟ್ಟುಕೊಳ್ಳುವ ಏರ್ಪಾಡು ಇರುವ ತರಗತಿಯನ್ನೇ ಆರಿಸಿಕೊಳ್ಳಬೇಕು. ಸ್ವಂತ ವಾಹನದಲ್ಲಿ ಹೋಗುವವರೂ ಡಬ್ಬಿಗಳನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಅವು ಸಿಡಿಯುವ ಅಪಾಯವಿದೆ, ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಮುಚ್ಚಿದ ಕಾರು ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ಊರಿನ ಬೋರ್ಡ್ ಕಲಾವಿದರು

ಈ ಮೂರನೆಯ ದಾರಿಯನ್ನು ಗ್ರಾಫಿಟಿ ತರಗತಿ ಎಂದು ಯಾರೂ ಕರೆಯುವುದಿಲ್ಲ. ಆದರೂ ನಾಲ್ಕರಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ, ಏಕೆಂದರೆ ಕನ್ನಡದಲ್ಲಿ ಬರೆಯಬೇಕೆನ್ನುವವರಿಗೆ ಅಕ್ಷರದ ಒಳಗುಟ್ಟನ್ನು ಹೇಳಿಕೊಡಬಲ್ಲವರು ಅವರೇ.

ಬೆಂಗಳೂರಿನ ಕಾರ್ಯಾಗಾರಗಳಲ್ಲಿ ಕಲಿಸುವ ಕ್ರಮ ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳನ್ನು ಆಧರಿಸಿದೆ. ನೇರ ಕಂಬಗಳನ್ನು ನಿಲ್ಲಿಸುವುದು, ಅವನ್ನು ಒಂದರ ಮೇಲೊಂದು ಒರಗಿಸುವುದು, ಕೊನೆಗಳಿಗೆ ಬಾಣ ಸೇರಿಸುವುದು, ಎಲ್ಲವನ್ನೂ ಒಂದೇ ಎತ್ತರದ ಎರಡು ಗೆರೆಗಳ ನಡುವೆ ಹಿಡಿದಿಡುವುದು. ಕನ್ನಡದ ಅಕ್ಷರಕ್ಕೆ ನಿಲ್ಲಿಸಲು ಕಂಬವಿಲ್ಲ. ಅದರ ದೇಹವೇ ದುಂಡು. ಮೇಲೆ ತಲೆಕಟ್ಟು, ಬಲಕ್ಕೆ ಕೊಂಬು, ನೆತ್ತಿಯ ಮೇಲೆ ಗುಡಿಸು ಅಥವಾ ಏತ್ವ, ಕೆಳಗೆ ಒತ್ತು. ಇಂಗ್ಲಿಷ್ ಕ್ರಮವನ್ನು ಹಾಗೆಯೇ ಹೇರಿದರೆ ಒತ್ತಕ್ಷರಕ್ಕೆ ಜಾಗವೇ ಉಳಿಯುವುದಿಲ್ಲ. ಅಕ್ಷರವನ್ನು ಉಬ್ಬಿಸಿದಾಗ ‘ದ’ಕಾರದಿಂದ ‘ಧ’ಕಾರವನ್ನು, ‘ಪ’ಕಾರದಿಂದ ‘ಫ’ಕಾರವನ್ನು ಬೇರ್ಪಡಿಸುವ ಕೆಳಗಿನ ಚಿಕ್ಕ ಸೀಳು ದಪ್ಪ ಅಂಚಿನೊಳಗೆ ಮುಚ್ಚಿಹೋಗಿ, ಪದವೇ ಬೇರೆಯಾಗುತ್ತದೆ.

ನಮ್ಮ ಮೂರು ಊರುಗಳ ಹೆಸರುಗಳನ್ನೇ ತೆಗೆದುಕೊಳ್ಳೋಣ. ‘ಕೋಲಾರ’ ಮೂರು ಅಕ್ಷರಗಳ, ಒತ್ತಕ್ಷರವಿಲ್ಲದ ಪದ. ಎಲ್ಲವೂ ಗೆರೆಯ ಮೇಲೆಯೇ ನಿಲ್ಲುವುದರಿಂದ ಹೊಸಬರ ಮೊದಲ ಗೋಡೆಗೆ ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ‘ತುಮಕೂರು’ ಇನ್ನೂ ಸೊಗಸು: ತು, ಕೂ, ರು ಮೂರಕ್ಕೂ ಬಲಬದಿಯಲ್ಲಿ ಕೊಂಬಿದೆ, ನಡುವೆ ಬರುವ ‘ಮ’ದ ಬಲಗಡೆಯ ಬಾಗೂ ಕೊಂಬಿನಂತೆಯೇ ಇದೆ. ನಾಲ್ಕೂ ಅಕ್ಷರಗಳು ಒಂದೇ ಬಗೆಯ ಬಾಗಿನಲ್ಲಿ ಮುಗಿಯುವುದರಿಂದ, ಆ ಬಾಗುಗಳನ್ನು ಒಂದರೊಳಗೊಂದು ಕೂರಿಸಿದರೆ ಇಡೀ ಪದಕ್ಕೆ ತಾನಾಗಿಯೇ ಒಂದು ಲಯ ಬರುತ್ತದೆ. ‘ಚಿಕ್ಕಬಳ್ಳಾಪುರ’ ಮಾತ್ರ ಕಠಿಣ. ಕಕಾರದ ಒತ್ತು ಎಡಗಡೆ, ಳಕಾರದ ಒತ್ತು ನಡುವಿನಿಂದ ಆಚೆಗೆ ಕೆಳಗಿಳಿಯುತ್ತವೆ. ಈ ಎರಡು ತೂಕಗಳನ್ನು ಸರಿತೂಗಿಸಲು ಉಳಿದ ಅಕ್ಷರಗಳ ಬುಡವನ್ನು ಎಲ್ಲಿ ಇಳಿಸಬೇಕು, ಎಲ್ಲಿ ಏರಿಸಬೇಕು ಎಂದು ಮೊದಲೇ ಯೋಚಿಸಿರಬೇಕು. ಲಾರಿಯ ಹಿಂಬದಿಗೆ, ಅಂಗಡಿಯ ನೆತ್ತಿಗೆ, ಜಾತ್ರೆಯ ಬ್ಯಾನರಿಗೆ ದಶಕಗಳ ಕಾಲ ಬರೆದ ಕೈಗಳಿಗೆ ಈ ಲೆಕ್ಕ ಕಣ್ಣಳತೆಯಲ್ಲೇ ಇರುತ್ತದೆ. ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಅಕ್ಷರಗಳ ನಡುವಿನ ಬಿಳಿ ಜಾಗವನ್ನು ನೋಡಿಕೊಂಡೇ ಪದವನ್ನು ಕೂರಿಸುವ ಅವರ ಕ್ರಮವನ್ನು ಒಮ್ಮೆ ಹತ್ತಿರದಿಂದ ನೋಡಿದವರು ಅಕ್ಷರವನ್ನು ಮತ್ತೆ ಹಳೆಯ ಕಣ್ಣಿನಿಂದ ನೋಡಲಾರರು.

ಫ್ಲೆಕ್ಸ್ ಬಂದ ಮೇಲೆ ಈ ಕಲಾವಿದರ ಕೆಲಸಕ್ಕೆ ದೊಡ್ಡ ಪೆಟ್ಟು ಬಿತ್ತು. 2009ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ನಗರದ ಗೋಡೆಗಳ ಮೇಲೆ ಚಿತ್ರ ಬರೆಸಲು ಹೊರಟಾಗ ಕೆಲಸಕ್ಕೆ ಬಂದವರು ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರೇ. ಅಂಥವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ವಿನಯದಿಂದ ಕೇಳಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಟ್ಟು, ವಾರಕ್ಕೊಮ್ಮೆ ಕೂತು ಕಲಿಯಬಹುದು. ವಯಸ್ಸಾದ ಕಲಾವಿದರು ‘ದುಡ್ಡು ಬೇಡಪ್ಪ’ ಎಂದು ಹೇಳಿದರೂ ಕೊಡಲೇಬೇಕು. ಬೆಂಗಳೂರಿನ ಸ್ಟುಡಿಯೊಗೆ ಮುಂಗಡ ಕಟ್ಟಲು ಸಿದ್ಧರಿರುವವರು ಇಲ್ಲಿ ಪುಕ್ಕಟೆ ಕಲಿಯುವುದು ತರವಲ್ಲ.

ಈ ದಾರಿಯ ಕೊರತೆಯೂ ಸ್ಪಷ್ಟವಾಗಿದೆ. ಕುಂಚದ ಕೈಗೂ ಡಬ್ಬಿಯ ಕೈಗೂ ವ್ಯತ್ಯಾಸವಿದೆ. ಕುಂಚ ಗೋಡೆಯನ್ನು ಮುಟ್ಟುವುದರಿಂದ ಕೈಗೆ ಆಧಾರ ಸಿಗುತ್ತದೆ. ಡಬ್ಬಿ ಗಾಳಿಯಲ್ಲೇ ಇರುತ್ತದೆ. ಕ್ಯಾಪ್‌ಗಳ ಆಯ್ಕೆ, ಬಣ್ಣಗಳನ್ನು ಕರಗಿಸುವುದು, ತಪ್ಪಿದ ಅಂಚನ್ನು ಹಿನ್ನೆಲೆಯ ಬಣ್ಣದಿಂದಲೇ ಕತ್ತರಿಸಿ ಸರಿಪಡಿಸುವುದು ಇವೆಲ್ಲ ಬೋರ್ಡ್ ಕಲಾವಿದರಿಂದ ಬರುವುದಿಲ್ಲ.

ಆನ್‌ಲೈನ್ ಪಾಠ

ಆನ್‌ಲೈನ್ ಪಾಠ ಕಾಗದದ ಕೆಲಸಕ್ಕೆ ಸಾಕು, ಗೋಡೆಗೆ ಸಾಲದು. ಶೈಲಿಗಳ ಪರಿಚಯ, ನೆರಳಿನ ದಿಕ್ಕು, ಬಣ್ಣಗಳ ಜೋಡಣೆ ಇವುಗಳನ್ನು ನೋಡಿ ಕಲಿಯಬಹುದು. ಆದರೆ ಬಣ್ಣ ಇಳಿದದ್ದು ಡಬ್ಬಿ ಹತ್ತಿರವಾದುದರಿಂದಲೋ, ಕೈ ನಿಧಾನವಾದುದರಿಂದಲೋ ಎಂದು ಹೇಳುವವರು ಪರದೆಯಲ್ಲಿ ಇರುವುದಿಲ್ಲ. ಒಂದು ದಿನದ ಕಾರ್ಯಾಗಾರ ಮುಗಿಸಿ ಬಂದವರು ಮರೆಯದಂತೆ ಅಭ್ಯಾಸ ಮುಂದುವರಿಸಲು ಇದು ಸಹಾಯಕ. ಅಭ್ಯಾಸಕ್ಕೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಾಳೆಗೆ ಪ್ರೈಮರ್ ಬಳಿದು ನಿಲ್ಲಿಸಿಕೊಂಡರೆ, ಮತ್ತೆ ಮತ್ತೆ ಎಮಲ್ಷನ್ ಬಳಿದು ಅದನ್ನೇ ಬಳಸಬಹುದು. ತೋಟವಿರುವವರು ಎರಡು ತೆಂಗಿನ ಮರಗಳ ನಡುವೆ, ಸಾಮಾನು ಸುತ್ತುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಬರೆಯಬಹುದು. ಹೊರದೇಶಗಳಲ್ಲಿ ಗೋಡೆ ಸಿಗದ ಕಲಾವಿದರು ಹೀಗೆ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಆ ಪ್ಲಾಸ್ಟಿಕ್ಕನ್ನು ಪೂರ್ತಿ ಬಿಚ್ಚಿ ತೆಗೆಯಬೇಕು, ತೋಟದಲ್ಲಿ ಸುಡಬಾರದು. ಖಾಲಿ ಡಬ್ಬಿಯನ್ನಂತೂ ಯಾವ ಕಾರಣಕ್ಕೂ ಬೆಂಕಿಗೆ ಹಾಕಬಾರದು, ತೂತು ಮಾಡಬಾರದು.

ಯಾವ ದಾರಿಯಾದರೂ ಬಿಡಬಾರದ ಎರಡು ಮಾತು

ಮೊದಲನೆಯದು ಉಸಿರಿನ ರಕ್ಷಣೆ. ಸ್ಪ್ರೇ ಬಣ್ಣದಲ್ಲಿ ಅಸಿಟೋನ್, ಜೈಲೀನ್‌ನಂಥ ದ್ರಾವಕಗಳಿರುತ್ತವೆ. ಬಟ್ಟೆಯ ಮಾಸ್ಕ್ ಇಲ್ಲಿ ನಿರುಪಯೋಗಿ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಿತವಾದ ಎನ್95 ಮಾಸ್ಕ್ ಬಣ್ಣದ ಕಣಗಳನ್ನು ತಡೆದರೂ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಬೇಕಾಗಿರುವುದು ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಮತ್ತು ಅದರ ಮುಂದೆ ಕಣಗಳನ್ನು ತಡೆಯುವ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್. ದಟ್ಟ ಗಡ್ಡವಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಹಾಕಿಕೊಂಡ ಮೇಲೂ ಬಣ್ಣದ ವಾಸನೆ ಬರುತ್ತಿದ್ದರೆ ಕಾರ್ಟ್ರಿಜ್ ಮುಗಿದಿದೆ ಅಥವಾ ಮಾಸ್ಕ್ ಸಡಿಲವಾಗಿದೆ ಎಂದರ್ಥ. ಕಲಿಕಾರ್ಥಿಗಳಿಗೆ ಇದನ್ನು ಕೊಡದ, ಅಥವಾ ಕಿಟಕಿ ಮುಚ್ಚಿದ ಕೋಣೆಯೊಳಗೆ ಡಬ್ಬಿ ಒತ್ತಿಸುವ ತರಗತಿ ಎಷ್ಟೇ ಹೆಸರುವಾಸಿಯಾಗಿದ್ದರೂ ಅದಕ್ಕೆ ಸೇರಬಾರದು. ಉಬ್ಬಸ ಇರುವವರು ಮತ್ತು ಗರ್ಭಿಣಿಯರು ದ್ರಾವಕದ ಬಣ್ಣದಿಂದ ದೂರವಿರುವುದೇ ಸರಿ. ಮಕ್ಕಳಿಗಾದರೆ ಆಕ್ರಿಲಿಕ್ ಮಾರ್ಕರ್ ಅಥವಾ ನೀರಿನ ಆಧಾರದ ಸ್ಪ್ರೇ ಬಳಸುವ ತರಗತಿಯನ್ನೇ ಹುಡುಕಬೇಕು.

ಎರಡನೆಯದು ಗೋಡೆಯ ಅನುಮತಿ. ಕಾರ್ಯಾಗಾರದವರು ‘ಗೋಡೆ ನಮ್ಮದೇ’ ಎಂದರೆ ಸಾಲದು, ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಇದೆಯೇ ಎಂದು ಕೇಳಬೇಕು. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗಗಳನ್ನು ಅನುಮತಿಯಿಲ್ಲದೆ ವಿರೂಪಗೊಳಿಸುವುದನ್ನು ತಡೆಯಲೆಂದೇ ರಾಜ್ಯದಲ್ಲಿ 1981ರ ಕಾಯ್ದೆಯೊಂದಿದೆ. ಸಂರಕ್ಷಿತ ಸ್ಮಾರಕಗಳ ವಿಷಯ ಇನ್ನೂ ಕಠಿಣ: ನಂದಿಯ ಭೋಗನಂದೀಶ್ವರ, ಕೋಲಾರದ ಕೋಲಾರಮ್ಮ, ಮಧುಗಿರಿಯ ಕೋಟೆಯಂಥ ತಾಣಗಳಲ್ಲಿ ಒಂದು ಗೆರೆ ಎಳೆದರೂ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನು ಇಲ್ಲದಿದ್ದರೂ ಆ ಕಲ್ಲುಗಳ ಮೇಲೆ ಕೈ ಮಾಡಬಾರದು ಎಂದು ನಾನು ನಂಬುತ್ತೇನೆ. ಊರಿನಲ್ಲಿ ಗೋಡೆ ಬೇಕಾದವರಿಗೆ ಸರ್ಕಾರಿ ಶಾಲೆಗಳ ಕಾಂಪೌಂಡು ಒಳ್ಳೆಯ ಅವಕಾಶ. ರೈಲುಬೋಗಿಯಂತೆ ಬಣ್ಣ ಬಳಿದ ಶಾಲೆಗಳನ್ನು ನಾವೆಲ್ಲ ನೋಡಿದ್ದೇವೆ. ಮುಖ್ಯಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯವರ ಬಳಿ ಬರೆಯಲಿರುವ ಪದದ ನಕ್ಷೆಯನ್ನು ಕಾಗದದಲ್ಲಿ ತೋರಿಸಿ ಕೇಳಿದರೆ, ಹಲವು ಕಡೆ ಸಂತೋಷದಿಂದ ಒಪ್ಪುತ್ತಾರೆ. ಸುಣ್ಣ ಬಳಿದ ಗೋಡೆಯಾದರೆ ಪುಡಿಯನ್ನು ಉಜ್ಜಿ ತೆಗೆದು ಪ್ರೈಮರ್ ಹಾಕಿದ ಮೇಲೆಯೇ ಬರೆಯಬೇಕು, ಇಲ್ಲವಾದರೆ ಬಣ್ಣ ಸುಣ್ಣದ ಜೊತೆಗೇ ಉದುರುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಕುತೂಹಲದಿಂದ ಒಮ್ಮೆ ನೋಡೋಣ ಎನ್ನುವವರು ಒಂದು ದಿನದ ಕಾರ್ಯಾಗಾರಕ್ಕೆ ಹೋಗಲಿ, ಬೇರೇನನ್ನೂ ಕೊಳ್ಳದಿರಲಿ. ಕಾಲೇಜಿನಲ್ಲಿದ್ದು, ಕೈಯಲ್ಲಿ ಹಣ ಕಡಿಮೆ ಸಮಯ ಹೆಚ್ಚು ಇರುವವರಿಗೆ ನನ್ನ ಸಲಹೆ ಹೀಗಿದೆ: ಮೊದಲು ಎರಡು ಮೂರು ತಿಂಗಳು ಬೋರ್ಡ್ ಕಲಾವಿದರೊಬ್ಬರ ಬಳಿ ತಮ್ಮ ಹೆಸರನ್ನೇ ಕನ್ನಡದಲ್ಲಿ ಬರೆದು ಬರೆದು ತಿದ್ದಿಸಿಕೊಳ್ಳಬೇಕು, ಆ ಹಾಳೆಗಳನ್ನು ಜೊತೆಗೆ ತೆಗೆದುಕೊಂಡು ಕಾರ್ಯಾಗಾರಕ್ಕೆ ಹೋಗಬೇಕು. ಸ್ವಂತ ಅಕ್ಷರವನ್ನು ಕೈಯಲ್ಲಿ ಹಿಡಿದು ಬಂದವರಿಗೆ ಅದೇ ಒಂದು ದಿನದಲ್ಲಿ ಸಿಗುವ ಕಲಿಕೆ ಉಳಿದವರಿಗೆ ಸಿಗುವುದಕ್ಕಿಂತ ಎಷ್ಟೋ ಹೆಚ್ಚು. ವಾರಾಂತ್ಯದ ತರಗತಿಗೆ ಸೇರುವುದನ್ನು ಆ ದಿನದ ನಂತರ ನಿರ್ಧರಿಸಿದರೆ ಸಾಕು, ಮುಂಚಿತವಾಗಿ ಪೂರ್ತಿ ಶುಲ್ಕ ಕಟ್ಟುವ ಅಗತ್ಯವಿಲ್ಲ.

ಮುಂಗಡ ಕಟ್ಟುವ ಮುನ್ನ ಫೋನಿನಲ್ಲಿ ಕೇಳಬೇಕಾದದ್ದು ಇಷ್ಟು: ಒಬ್ಬರಿಗೆ ಎಷ್ಟು ಡಬ್ಬಿ, ಎಷ್ಟು ಅಡಿ ಗೋಡೆ, ಯಾವ ಮಾಸ್ಕ್, ಅನುಮತಿ ಯಾರದು, ಮತ್ತು ಕನ್ನಡದಲ್ಲಿ ಬರೆಯಲು ಬಿಡುತ್ತೀರಾ. ಕೊನೆಯ ಪ್ರಶ್ನೆಗೆ ‘ನನಗೆ ಕನ್ನಡ ಅಕ್ಷರ ಅಷ್ಟು ಬರುವುದಿಲ್ಲ, ನೀವು ಬರೆದು ತನ್ನಿ, ಸೇರಿ ನೋಡೋಣ’ ಎನ್ನುವ ಶಿಕ್ಷಕರು ಸಿಕ್ಕರೆ ಧಾರಾಳವಾಗಿ ಸೇರಬಹುದು. ‘ಮೊದಲ ದಿನ ಇಂಗ್ಲಿಷೇ ಸುಲಭ’ ಎಂದು ಮಾತು ಮುಗಿಸುವವರ ಬಳಿಯೂ ಡಬ್ಬಿ ಹಿಡಿಯುವುದನ್ನು ಕಲಿಯಬಹುದು, ಆದರೆ ಅಂಥವರ ವಾರಾಂತ್ಯದ ತರಗತಿಗೆ ಹಣ ಕಟ್ಟುವ ಮುನ್ನ ಇನ್ನೂ ಒಂದೆರಡು ಕಡೆ ವಿಚಾರಿಸಬೇಕು.